ಪೂಜೆಗೆ ಕೂತ ಕಂಪ್ಯೂಟರ್

ಖಂಡೇನವಮಿಯ ಆಯುಧಪೂಜೆಗೆ ತೆಂಗಿನಕಾಯಿಯನ್ನು ಹೊಸ್ತಿಲಾಚೆಯ ಕಲ್ಲಿಗೆ ಒಡೆಯುವುದು ರುದ್ರವ್ವನ ರೂಢಿ. ಈ ವರ್ಷ ಮುಂಬೈಯ ಆಂಟಾಪ್ ಹಿಲ್‌ನ ಅವಳ ಬಿಲ್ಡಿಂಗಿನಲ್ಲಿ ಆ ಕಲ್ಲನ್ನು ಕಿತ್ತು ನುಣ್ಣನೆಯ ಟೈಲ್ಸ್ ಹಾಕಿಸಿದ್ದರು. ಟೈಲ್ಸ್ ಮೇಲೆ ಯಾರೂ ಕಾಯಿ ಒಡೆಯಕೂಡದು ಎಂದು ಸೊಸೈಟಿಯ ಸೆಕ್ರೆಟರಿ ಮನೆಮನೆಗೂ ಬಂದು ಹೇಳಿಹೋಗಿದ್ದ. ರುದ್ರವ್ವನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಿಂತು ಯೋಚಿಸುವ ಜಾತಿಯವಳಲ್ಲ ಅವಳು. "ನಿನ್ನ ಟೈಲ್ಸ್ ನೀನಽ ನೆಕ್ಕೊಂತ ಕುಂಡ್ರು" ಎಂದು ಬಾಗಿಲು ಬಡಿದು ಹಾಕಿದಳು. ಎಡಗೈಯಲ್ಲಿ ಕಾಯಿ ಹಿಡಿದು, ಬಲಗೈಯಲ್ಲಿ ಮಚ್ಚು ತಿರುವಿ ಹಿಡಿದು, ಪೂಜೆಗಿಟ್ಟ ಕಂಪ್ಯೂಟರಿನ ಮುಂದೆಯೇ ನಿಂತು ಫಟ್ಟೆಂದು ಬಾರಿಸಿದಳು. ಕಾಯಿನೀರು ಕೆಳಗಿಟ್ಟ ತಂಬಿಗೆಗೆ ಬಿದ್ದದ್ದು ಅರ್ಧ. ಇನ್ನರ್ಧ ಕಂಪ್ಯೂಟರ್ ಪೆಟ್ಟಿಗೆಯ ನೆತ್ತಿಯ ಜಾಲರಿಯೊಳಗೆ ಇಳಿದುಹೋಯಿತು.

ಆಗಲೇ ಯಾರನ್ನಾದರೂ ಕರೆದು ಪೆಟ್ಟಿಗೆ ಬಿಚ್ಚಿ ಒಣಗಿಸಿದ್ದರೆ ಉಳಿಯುತ್ತಿತ್ತೇನೋ. ಆದರೆ ಖಂಡೇಪೂಜೆಗೆ ಇಟ್ಟ ಸಾಮಾನನ್ನು ಅವತ್ತು ಯಾರೂ ಮುಟ್ಟುವುದಿಲ್ಲ. ಸವದತ್ತಿ ಕಡೆಯ ಅವಳ ತವರಿನಲ್ಲಿ ಕುಡಗೋಲು, ಕೊಡಲಿ, ಕುಂಟೆ ಎಲ್ಲವೂ ಒಂದು ದಿನ ವಿಭೂತಿ ಬಳಿದುಕೊಂಡು ಸುಮ್ಮನೆ ಕೂರುತ್ತವೆ. ಮರುದಿನ ಬನ್ನಿ ಮುಡಿದ ಮೇಲೆಯೇ ಅವು ಕೆಲಸಕ್ಕೆ ಏಳುವುದು. ರುದ್ರವ್ವ ಮೇಲೆ ಮೇಲೆ ಒರೆಸಿ, ಊದಿನಕಡ್ಡಿ ಬೆಳಗಿ ಸುಮ್ಮನಾದಳು. ದಶಮಿಯ ದಿನ ಬನ್ನಿಯ ಎಲೆಯನ್ನು ಪೆಟ್ಟಿಗೆಯ ಮೇಲಿಟ್ಟು, "ಬಂಗಾರದಂಗ ಇರಪಾ" ಎಂದು ಅದಕ್ಕೂ ಹೇಳಿ ಬಟನ್ ಒತ್ತಿದಳು. ಒಳಗೆ ಟಪ್ ಎಂದಿತು. ಸುಟ್ಟ ಬೆಲ್ಲದ ವಾಸನೆ ಬಂತು. ಆಮೇಲೆ ಎಷ್ಟು ಒತ್ತಿದರೂ ಉಸಿರಿಲ್ಲ.

ಆ ಕಂಪ್ಯೂಟರ್ ಬರೀ ನೋಡುವುದಕ್ಕೆ ಇಟ್ಟದ್ದಲ್ಲ. ಅದರಿಂದ ಒಂದು ದಪ್ಪ ಕೇಬಲ್ ಪಕ್ಕದ ಕಸೂತಿ ಮಶೀನಿಗೆ ಹೋಗುತ್ತಿತ್ತು. ತೆರೆಯ ಮೇಲೆ ಬರೆದ ಚಿತ್ತಾರವನ್ನು ಮಶೀನು ಬಟ್ಟೆಯ ಮೇಲೆ ಹೊಲಿಯುತ್ತಿತ್ತು. ಮುಚ್ಚಿಹೋದ ಒಂದು ಗಾರ್ಮೆಂಟ್ ಕಾರ್ಖಾನೆಯಿಂದ ಎರಡನ್ನೂ ಒಟ್ಟಿಗೆ ತಂದದ್ದು. ಅದಕ್ಕೆ ಮುಂಚೆ ರುದ್ರವ್ವ ಕೈಯಲ್ಲೇ ಕಸೂತಿ ಹಾಕುತ್ತಿದ್ದಳು. ಗೋಪುರ, ತುಳಸಿಕಟ್ಟೆ, ತೊಟ್ಟಿಲು, ಎಲ್ಲವನ್ನೂ ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಬೇಕು. ಗಂಡ ಪರಪ್ಪ ತೀರಿಕೊಂಡ ಮೇಲೆ ಅದರಿಂದಲೇ ಮನೆ ನಡೆದದ್ದು. ಬರುಬರುತ್ತ ಅವಳ ಕಣ್ಣು ಮಂದವಾದವು. ಎಳೆ ಎಣಿಸಲಾಗದ ಕಸೂತಿಗಾರ್ತಿ ಎಂದರೆ ಕೈ ಕಟ್ಟಿ ಕೂರಿಸಿದಂತೆ. ಆಗ ಸಿಕ್ಕಿದ್ದು ಈ ಕಂಪ್ಯೂಟರ್. ತೆರೆಯ ಮೇಲೆ ಒಂದೊಂದು ಹೊಲಿಗೆಯೂ ಜೋಳದ ಕಾಳಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಊರ ಶಾಲೆಯಲ್ಲಿ ಏಳನೆಯ ತರಗತಿ ಓದಿದ ರುದ್ರವ್ವ ಬೈದುಕೊಳ್ಳುತ್ತ, ಕೆಡಿಸುತ್ತ, ಮತ್ತೆ ಮಾಡುತ್ತ ಅದನ್ನು ಕಲಿತಿದ್ದಳು. ಧಾರವಾಡ, ಬೆಳಗಾವಿ ಕಡೆಯ ಹೆಣ್ಣುಮಕ್ಕಳು ಕುಬಸ ಮಾಡುವುದಿದ್ದರೆ, ಅಂದರೆ ಸೀಮಂತವಿದ್ದರೆ, ಸೀರೆ ಹಿಡಿದುಕೊಂಡು ಅವಳ ಬಾಗಿಲಿಗೇ ಬರುತ್ತಿದ್ದರು.

ಕಂಪ್ಯೂಟರ್ ಕೆಟ್ಟ ಸುದ್ದಿ ಕೇಳಿ ಮಗ ಬಸು ದಹಿಸರ್‌ನಿಂದ ಬಂದ. ಹೆಂಡತಿ ಮಾಧುರಿಯೊಂದಿಗೆ ಅಲ್ಲೇ ಅವನ ಸಂಸಾರ. ಮುಂಬೈಯಲ್ಲೇ ಹುಟ್ಟಿ ಬೆಳೆದವನು. ಅವನ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತಿತ್ತು.

"ಅವ್ವಾ, ಅಚ್ಛಾನೇ ಆತು ನೋಡು. ಈಗ ಬಸ್ ಮಾಡು. ದಹಿಸರಕ್ಕ ಬಾ. ಮಾಧುರೀನೂ ಅದೇ ಹೇಳ್ತಾಳ."

"ಬಂದು ಏನ್ ಮಾಡ್ಲಿ?"

"ಕುಛ್ ನಹೀ. ಆರಾಮ್ ಇರು. ಟೀವಿ ನೋಡು."

"ಟೀವಿ ನೋಡಾಕ ನನಗೇನು ಕಾಲು ಮುರದಾವೇನು?"

ಬಸು ಕೆಟ್ಟ ಹುಡುಗನಲ್ಲ. ಅವ್ವ ಒಬ್ಬಳೇ ಇರುತ್ತಾಳೆ, ಊಟದ ಹೊತ್ತು ತಪ್ಪಿಸುತ್ತಾಳೆ ಎಂಬ ಚಿಂತೆ ಅವನಿಗೆ ನಿಜವಾಗಿಯೂ ಇತ್ತು. "ವಸಯಿಯ ಒಬ್ಬ ಪಾರ್ಟಿ ಸಿಕ್ಕಾನ ಅವ್ವಾ. ಕಸೂತಿ ಮಶೀನ್ ಅವ ತೊಗೋತಾನ. ಐತವಾರ ಟೆಂಪೊ ತರ್ತಾನ."

"ನನ್ನ ಮಶೀನ ಮಾರಾಕ ನೀ ಯಾವಾಂವಲೇ?"

"ಚಾಲೂನೇ ಇಲ್ಲಲ್ಲ! ಚಾಲೂ ಇದ್ದಿದ್ರ ನಾ ಯಾಕ ಹೇಳ್ತಿದ್ದೆ?"

"ಹಂಗಾರ ಕೇಳು," ರುದ್ರವ್ವ ಎದ್ದು ನಿಂತಳು. "ಐತವಾರದೊಳಗ ಚಾಲೂ ಮಾಡಿ ತೋರಸ್ತೀನಿ. ಮಾಡಿದೆ ಅಂದ್ರ ದಹಿಸರದ ಮಾತು ಎತ್ತಬಾರದು."

"ಆಗ್ಲಿಲ್ಲ ಅಂದ್ರ?"

"ಆಗಲಿಲ್ಲ ಅಂದ್ರ ಮಶೀನೂ ಹೋಗ್ಲಿ, ನಾನೂ ಗಂಟು ಕಟ್ಕೊಂಡು ನಿನ್ನ ಹಿಂದ ಬರ್ತೀನಿ. ಗಪ್ಪ್ ಬಾಯಿ ಮುಚ್ಚಿ ಬರ್ತೀನಿ."

ಆಡಿದ ಮೇಲೆ ಭಾನುವಾರಕ್ಕೆ ಎಷ್ಟು ದಿನ ಉಳಿದಿವೆ ಎಂದು ಬೆರಳು ಮಡಚಿ ಎಣಿಸಿದಳು. ಆದರೆ ಆಡಿದ ಮಾತನ್ನು ನುಂಗಿಕೊಂಡು ಅಭ್ಯಾಸವಿರಲಿಲ್ಲ.

ಆ ಬಿಲ್ಡಿಂಗಿನ ಹಿಂದಿನ ಗಲ್ಲಿಯಲ್ಲೇ ರಿಯಾಜನ ಅಂಗಡಿ. ಹಳೆಯ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಅವನ ಮನೆಯವರು ವಿಜಯಪುರ ಜಿಲ್ಲೆಯ ಇಂಡಿಯ ಕಡೆಯವರು. ಮನೆಯಲ್ಲಿ ದಖನಿ ಉರ್ದು, ರುದ್ರವ್ವನ ಜೊತೆ ಕನ್ನಡ. ಪೆಟ್ಟಿಗೆಯ ಮುಚ್ಚಳ ತೆಗೆದವನೇ ಮೂಗು ಹತ್ತಿರ ಒಯ್ದು ಮೂಸಿದ.

"ಅಕ್ಕಾ, ಏನ್ ಕುಡಿಸೀರಿ ಇದಕ್ಕ?"

"ಕಾಯಿನೀರು."

"ಶರಬತ್ತಾದ್ರೂ ಕುಡಿಸಿದ್ರ ನಿಂಬಿಕಾಯಿ ವಾಸನಿ ಬರ್ತಿತ್ತು."

"ಹಲ್ಲು ಕಿಸೀಬ್ಯಾಡ. ಏನಾಗೈತಿ ಹೇಳು."

ರಿಯಾಜ ಬೆರಳಿಟ್ಟು ತೋರಿಸಿದ. ಎಲ್ಲ ಸಾಮಾನನ್ನೂ ಹೊತ್ತು ಕೂರುವ ದೊಡ್ಡ ಹಸಿರು ಹಲಗೆ, ಮದರ್‌ಬೋರ್ಡ್, ಒಂದು ಮೂಲೆಯಲ್ಲಿ ಕಪ್ಪಾಗಿ ಉಬ್ಬಿತ್ತು. ಡಿಸ್ಕ್ ಚೆನ್ನಾಗಿತ್ತು. ಕರೆಂಟ್ ಕೊಡುವ ಡಬ್ಬಿಯೂ ಬದುಕಿತ್ತು. ಬೋರ್ಡ್ ಮಾತ್ರ ಸತ್ತಿತ್ತು.

"ಬ್ಯಾರೆ ಬೋರ್ಡ್ ಹಾಕು."

"ಅಲ್ಲೇ ಐತಿ ನೋಡ್ರಿ ಫಜೀತಿ. ಇದು ಕಂಪನಿ ಮಾಲು. ಜೋಡಿಸಿದ ಕಂಪ್ಯೂಟರ್ ಆಗಿದ್ರ ಯಾವ ಬೋರ್ಡ್ ಆದ್ರೂ ಕೂಡ್ತಿತ್ತು. ಇವರು ಸ್ಕ್ರೂ ತೂತು ತಮ್ಮದಽ ಅಳತಿ ಇಟ್ಟಾರ, ಕರೆಂಟಿನ ಪ್ಲಗ್ ತಮ್ಮದಽ ಮಾಡ್ಯಾರ, ಬಟನ್ನಿನ ವೈರ್ ಸುದ್ದಾ ಬ್ಯಾರೆ. ಇದಽ ಮಾಡೆಲ್ಲಿನ ಬೋರ್ಡ್ ಬೇಕು. ಮಾಡೆಲ್ ಬಂದ್ ಆಗಿ ಬಾಳ ವರ್ಷ ಆತು. ಹುಡುಕ್ತೀನಿ, ಸ್ವಲ್ಪ ತಡೀರಿ."

ತಡೆಯುವವಳು ರುದ್ರವ್ವ ಆಗಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಅವನು ಸೋಮಾರಿತನ ಮಾಡುತ್ತಿದ್ದಾನೆ ಎಂದೇ ಅವಳಿಗೆ ಅನಿಸಿತು. ಮಧ್ಯಾಹ್ನವೇ ಕಂಪ್ಯೂಟರ್ ಸಾಮಾನಿನ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಅಂಗಡಿ ಅಂಗಡಿ ಸುತ್ತಿದಳು. ಒಬ್ಬ "ಸಬ್ ಮೇಂ ಚಲತಾ ಹೈ ಮೌಸೀ", ಎಲ್ಲದಕ್ಕೂ ಕೂಡುತ್ತದೆ, ಎಂದು ಒಂದು ಬೋರ್ಡನ್ನು ಕೈಗಿಟ್ಟ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಗೆದ್ದವಳ ಹಾಗೆ ರಿಯಾಜನ ಅಂಗಡಿಗೆ ಬಂದಳು.

ರಿಯಾಜ ಬೋರ್ಡನ್ನು ಪೆಟ್ಟಿಗೆಯೊಳಗೆ ಇಟ್ಟು ತೋರಿಸಿದ. ಒಂದು ತೂತು ಕೂಡಿದರೆ ಇನ್ನೊಂದು ಕೂಡದು. ಹಿಂದಿನ ತಗಡು ಅಡ್ಡ ಬಂತು. ಕರೆಂಟಿನ ಪ್ಲಗ್ ಇಲ್ಲಿ ಸಣ್ಣದು, ಅಲ್ಲಿ ದೊಡ್ಡದು.

"ಹೆಣ್ಣು ಗಂಡು ಒಪ್ಪಿದ್ರೂ ಜಾತಕ ಕೂಡವಲ್ದು ಅಕ್ಕಾ."

"ತೂತು ಕೊರಿ."

"ತೂತು ಕೊರೀತೀನಿ. ಪ್ಲಗ್?"

"ಪ್ಲಗ್ ಬದಲಿ ಮಾಡು. ನಿನ್ನ ಅಂಗಡ್ಯಾಗ ಇಷ್ಟು ಗುಜರಿ ಬಿದ್ದೈತಿ, ಒಂದು ಪ್ಲಗ್ ಇಲ್ಲೇನು?"

ಅವಳ ಬಾಯಿಗೆ ಹೆದರಿ ಅಲ್ಲ, ಅವಳ ಮುಖ ನೋಡಿ ರಿಯಾಜ ಕೆಲಸಕ್ಕೆ ಕೂತ. ಪೆಟ್ಟಿಗೆಯ ಗೊಡವೆಯೇ ಬೇಡವೆಂದು ಹೊಸ ಬೋರ್ಡನ್ನು ಟೇಬಲ್ ಮೇಲೆ ಹಾಗೇ ಬಿಚ್ಚಿಟ್ಟು, ತನ್ನ ಅಂಗಡಿಯದೇ ಕರೆಂಟ್ ಡಬ್ಬಿ ಹಚ್ಚಿ, ಅವಳ ಡಿಸ್ಕ್ ಜೋಡಿಸಿ, ಕಸೂತಿ ಮಶೀನಿನ ಕೇಬಲ್ ಕೂರುವ ಕಾರ್ಡು ಸಿಗಿಸಿದ. ಬಟನ್ನಿಗೆ ವೈರ್ ಇರಲಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಬೋರ್ಡಿನ ಎರಡು ಸಣ್ಣ ಮುಳ್ಳುಗಳನ್ನು ಮುಟ್ಟಿಸಿದ. ತೆರೆ ಬೆಳಗಿತು.

"ನೋಡಿದೇನು!" ರುದ್ರವ್ವ ಟೇಬಲ್ ಗುದ್ದಿದಳು. "ಆಗಂಗಿಲ್ಲ ಅಂದಿ. ಆತಲ್ಲ!"

"ಕುಣೀಬ್ಯಾಡ್ರಿ, ವೈರ್ ಬಿಟ್ಟಾವು."

ಅವಳು ತಾನೇ ಮೌಸ್ ಹಿಡಿದು ಕಸೂತಿಯ ಚಿತ್ರದ ಮೇಲೆ ಒತ್ತಿದಳು. ಸಾಫ್ಟ್‌ವೇರ್ ತೆರೆಯಲಿಲ್ಲ. ಕೆಂಪು ಗುರುತಿನ ಒಂದು ಸಣ್ಣ ಡಬ್ಬಿ ಮೂಡಿ ಏನೋ ಹೇಳಿತು. ಮತ್ತೆ ಒತ್ತಿದಳು. ಮತ್ತೆ ಅದೇ ಡಬ್ಬಿ.

"ಏನಂತೈತಿ ಇದು?"

"ನಿನ್ನ ಗುರುತು ಹತ್ತವಲ್ದು ಅಂತೈತಿ," ರಿಯಾಜ ಮೆಲ್ಲಗೆ ಹೇಳಿದ. "ಇದನ್ನ ಆ ಕಂಪನಿ ಕಂಪ್ಯೂಟರ್ ಜೋಡಿನಽ ಕೊಟ್ಟಾರಕ್ಕಾ. ಬೋರ್ಡಿನೊಳಗ ಕಂಪನಿ ಹೆಸರು ಇರ್ತೈತಿ. ಅದನ್ನ ನೋಡಿದ್ರಽ ಬಾಗಿಲಾ ತೆಗೀತೈತಿ. ಬ್ಯಾರೆ ಬೋರ್ಡ್ ಮ್ಯಾಲೆ ತೆಗ್ಯಾಂಗಿಲ್ಲ. ಇದನ್ನ ಮಾರಿದವ್ರು ಅಂಗಡಿ ಮುಚ್ಚಿ ಹೋಗ್ಯಾರ. ಕೇಳೂಣಂದ್ರ ಯಾರನ್ನ ಕೇಳೂದು?"

ರುದ್ರವ್ವ ಬಾಯಿಗೆ ಬಂದಂತೆ ಬೈದಳು. ಕಂಪನಿಯನ್ನು ಬೈದಳು, ಲ್ಯಾಮಿಂಗ್ಟನ್ ರೋಡಿನವನನ್ನು ಬೈದಳು, ಟೈಲ್ಸ್ ಹಾಕಿಸಿದ ಸೆಕ್ರೆಟರಿಯನ್ನು ಬೈದಳು. ಕೊನೆಗೆ ರಿಯಾಜನ ಸರದಿ ಬಂತು. "ಅಂಗಡಿ ಮುಚ್ಚಿ ಭಜಿ ಕರದು ಮಾರಹೋಗು!"

"ಕಾಯಿ ನಾ ಒಡದೆನೇನ್ರಿ?" ರಿಯಾಜನೂ ಸ್ಕ್ರೂಡ್ರೈವರ್ ಬಿಸಾಡಿದ.

ಗಲ್ಲಿಯಲ್ಲಿ ಗ್ಯಾಸ್ ಸಿಲಿಂಡರಿನವನು ಸಿಲಿಂಡರ್ ಉರುಳಿಸಿಕೊಂಡು ಹೋದ. ರುದ್ರವ್ವ ಸ್ಟೂಲಿನ ಮೇಲೆ ಕೂತು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ದಹಿಸರ್‌ನ ಆ ಮನೆ, ಸೋಫಾ, ಸೊಸೆ ತಂದುಕೊಡುವ ಚಹಾ, ಎಲ್ಲವೂ ಚೆನ್ನಾಗಿಯೇ ಇದ್ದವು. ಅಲ್ಲಿ ಅವಳ ಕೈಗೆ ಮಾತ್ರ ಕೆಲಸವಿರಲಿಲ್ಲ.

"ಒಂದು ಐತಿ," ರಿಯಾಜ ತಡವಾಗಿ ಹೇಳಿದ. "ಇದಽ ಮಾಡೆಲ್. ಕಣ್ಣಾರೆ ನೋಡೀನಿ. ಆದ್ರ ಕೊಡೋದಿಲ್ಲ ಅಂವ. ನಾ ಮೊದಲಽ ಕೇಳಿ ಬೈಸ್ಕೊಂಡು ಬಂದೀನಿ."

"ಎಲ್ಲೈತಿ?"

"ಫೋರ್ಟಿನಾಗ. ಒಂದು ಉಡುಪಿ ಹೋಟೆಲಿನಾಗ. ಗಲ್ಲೆದ ಮ್ಯಾಲೆ ದೇವರ ಫೋಟೊ ಬಾಜೂಕ ಇಟ್ಟಾರ. ಅದಕ್ಕ ಪೂಜಿ ಮಾಡ್ತಾರಕ್ಕಾ."

"ಏಳು. ನಡಿ."

ವಡಾಳಾದಲ್ಲಿ ಲೋಕಲ್ ಹತ್ತಿ, ಸಿಎಸ್‌ಟಿಯಲ್ಲಿ ಇಳಿದು, ಕೋರ್ಟು ಬ್ಯಾಂಕುಗಳ ಬೀದಿ ದಾಟಿ ಅವರು ಹೋಟೆಲ್ ತಲುಪುವಾಗ ಸಂಜೆಯ ಕಾಫಿಯ ಗದ್ದಲ ಇಳಿದಿತ್ತು. ಮಾಲೀಕ ತಿಲಕ್ ಶೆಟ್ಟಿ ಗಲ್ಲೆಯಲ್ಲಿ ಕೂತು ಬಡೇಸೋಪು ಡಬ್ಬಿಗೆ ತುಂಬುತ್ತಿದ್ದರು. ಅವರ ತಲೆಯ ಮೇಲಿನ ಹಲಗೆಯಲ್ಲಿ, ಗಣಪತಿಯ ಪಕ್ಕ, ಅದೇ ಬೂದು ಬಣ್ಣದ ಚಪ್ಪಟೆ ಪೆಟ್ಟಿಗೆ. ಅದರ ಕೊರಳಿಗೆ ಹಾಕಿದ ಚೆಂಡುಹೂವಿನ ಮಾಲೆ ಇನ್ನೂ ಪೂರ್ತಿ ಬಾಡಿರಲಿಲ್ಲ.

ರಿಯಾಜನನ್ನು ಕಂಡದ್ದೇ ಶೆಟ್ಟರು ಕೈ ಅಡ್ಡ ಮಾಡಿದರು. "ಪುನಃ ಬಂದ್ಯಾ ಮಾರಾಯ? ಅದು ಮಾರ್ಲಿಕ್ಕೆ ಇಟ್ಟದ್ದಲ್ಲ ಅಂತ ಹೇಳಿದ್ದೇನೆ ಅಲ್ವಾ?"

ರುದ್ರವ್ವ ಮುಂದೆ ಬಂದಳು. "ಶೆಟ್ರ, ನಡೀತೈತೇನ್ರಿ ಅದು?"

"ಇಲ್ಲಮ್ಮ. ಅದರ ಡಿಸ್ಕ್ ಹೋಗಿ ಎಷ್ಟೋ ಕಾಲ ಆಯ್ತು. ನಮ್ಮ ಅಪ್ಪ ತಂದದ್ದು. ಈ ಬೀದಿಯಲ್ಲೇ ಮೊದಲು ಕಂಪ್ಯೂಟರ್ ಬಿಲ್ ಕೊಟ್ಟದ್ದು ನಾವು. ಅಪ್ಪ ಹೋದ ಮೇಲೆ ಹೊಸ ಮೆಷಿನ್ ಬಂತು, ಇದನ್ನು ಮೇಲೆ ಇಟ್ಟೆವು. ಆಯುಧಪೂಜೆಗೆ ಮೊದಲನೇ ಹೂ ಇದಕ್ಕೇ."

"ಸತ್ತದ್ದಕ್ಕ ಯಾಕ್ರಿ ಹೂವಾ?"

ಕಾಫಿ ಕುಡಿಯುತ್ತಿದ್ದ ಇಬ್ಬರು ಗುಮಾಸ್ತರು ತಲೆ ಎತ್ತಿದರು. ಶೆಟ್ಟರ ಕಿವಿ ಕೆಂಪಾದವು. "ಅಮ್ಮ, ಮಾತು ಸ್ವಲ್ಪ ನೋಡಿ ಆಡಿ. ಅದು ನನ್ನ ಅಪ್ಪನದ್ದು. ಕೊಡುವುದಿಲ್ಲ. ಹೊರಡಿ ನೀವು."

ರಿಯಾಜ ಅವಳ ಸೆರಗಿನ ತುದಿ ಹಿಡಿದು ಎಳೆದ. "ಅಕ್ಕಾ, ಆತು, ನಡೀರಿ."

"ಚಾ ಕುಡದು ಹೋಗೂಣು," ಎಂದು ರುದ್ರವ್ವ ಹತ್ತಿರದ ಟೇಬಲಿಗೆ ಹೋಗಿ ಕೂತೇಬಿಟ್ಟಳು. ಆಡಬಾರದ್ದನ್ನು ಆಡಿದೆ ಎಂದು ಅವಳಿಗೆ ತಿಳಿದಿತ್ತು. ತಿಳಿದಾಗ ಅವಳು ಸುಮ್ಮನೆ ಕೂರುತ್ತಿದ್ದಳು. ಅವಳ ಕ್ಷಮೆ ಕೇಳುವ ರೀತಿಯೇ ಅದು, ಎದುರಿನವರಿಗೆ ಗೊತ್ತಾಗುತ್ತಿರಲಿಲ್ಲ ಅಷ್ಟೆ.

ಚಹಾ ಬಂತು. ಕುಡಿಯುತ್ತ ಅವಳು ಒಳಗಿನ ಅಡುಗೆಮನೆಯ ಕಡೆ ನೋಡಿದಳು. ಗ್ರೈಂಡರಿನ ಹೊಟ್ಟೆಯ ಮೇಲೆ ಗಂಧ ಕುಂಕುಮ ಒಣಗಿ ಅಂಟಿತ್ತು, ಗ್ರೈಂಡರ್ ಗಡಗಡ ತಿರುಗುತ್ತಿತ್ತು. ದೋಸೆಕಲ್ಲಿನ ಒಲೆಗೂ ಕುಂಕುಮ, ಒಲೆಯೂ ಉರಿಯುತ್ತಿತ್ತು. ಶೆಟ್ಟರ ಮುಂದಿನ ಬಿಲ್ಲಿನ ಮಶೀನಿಗೂ ಕುಂಕುಮ, ಅದೂ ಚೀಟಿ ಉಗುಳುತ್ತಿತ್ತು. ಅವಳು ಲೋಟ ಕೆಳಗಿಟ್ಟು ಎದ್ದು ಗಲ್ಲೆಗೆ ಬಂದಳು.

"ಶೆಟ್ರ, ನನ್ನ ಬಾಯಿ ಹೊಲಸು, ಮನಸಿಗೆ ಹಚ್ಕೋಬ್ಯಾಡ್ರಿ. ಒಂದು ಮಾತು ಕೇಳ್ತೀನಿ, ಹೇಳ್ರಿ. ಆ ಗ್ರೈಂಡರಿಗೂ ಪೂಜಿ ಮಾಡೀರಿ. ಮರುದಿನ ಏನ್ ಮಾಡಿದ್ರಿ?"

"ಮರುದಿನ ಎಂತ ಮಾಡುವುದು? ಇಡ್ಲಿಗೆ ಅರೆದದ್ದು."

"ಅದಕ್ಕ ಅದರ ಪೂಜಿ ಪೂರಾ ಆತು. ನಮ್ಮ ಕಡೆ ನವಮಿಗೆ ಇಟ್ಟ ಕುಡಗೋಲು ದಸಮಿಗೆ ಎತ್ತಬೇಕ್ರಿ. ಬನ್ನಿ ಮುಡದು, ಕೈಯಾಗ ಹಿಡದು, ಒಂದು ಹಿಡಿ ಹುಲ್ಲಾದ್ರೂ ಕೊಯ್ಯಬೇಕು. ಎತ್ತಲಿಲ್ಲ ಅಂದ್ರ ಪೂಜಿ ಅರ್ಧಕ್ಕ ನಿಂತಂಗ. ನಿಮ್ಮ ಅಪ್ಪಾರ ಕಂಪ್ಯೂಟರಿಗೆ ವರ್ಷಾ ವರ್ಷಾ ನವಮಿ ಬರ್ತೈತಿ. ದಸಮಿನಽ ಬಂದಿಲ್ಲ."

ಶೆಟ್ಟರು ಗುಮಾಸ್ತರ ಬಿಲ್ ತೆಗೆದುಕೊಂಡರು, ಬಡೇಸೋಪಿನ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ ಕತ್ತೆತ್ತಿ ಹಲಗೆಯನ್ನು ನೋಡಿದರು.

"ನಿಮ್ಮದು ಹಾಳಾದದ್ದು ಹೇಗೆ?"

"ಪೂಜಿ ಮಾಡಿ ಕೊಂದೆ. ಅದರ ಮ್ಯಾಲಽ ಕಾಯಿ ಒಡದೆ."

"ಕಂಪ್ಯೂಟರಿನ ಮೇಲೆ?" ಶೆಟ್ಟರು ತಡೆಯಲಾಗದೆ ನಕ್ಕರು. ನಗು ನಿಲ್ಲಿಸಲು ಹೋಗಿ ಕೆಮ್ಮಿದರು. "ನಿಮ್ಮ ಧೈರ್ಯಕ್ಕೆ ಏನು ಹೇಳುವುದು ಮಾರಾಯ್ತಿ!"

ರುದ್ರವ್ವ ನಗಲಿಲ್ಲ. ಮಗನಿಗೆ ಕೊಟ್ಟ ಮಾತನ್ನೂ, ಭಾನುವಾರ ಬರುವ ಟೆಂಪೊವನ್ನೂ ನಾಲ್ಕೇ ಮಾತಿನಲ್ಲಿ ಹೇಳಿದಳು. ಕಣ್ಣಿನ ವಿಷಯ ಹೇಳುವಾಗ ಮಾತ್ರ ದನಿ ಸ್ವಲ್ಪ ತಗ್ಗಿತು.

"ನೋಡಿ," ಶೆಟ್ಟರು ಕೊನೆಗೆ ಹೇಳಿದರು, "ಪೂಜೆಗೆ ಕೂತ ಪೆಟ್ಟಿಗೆಯನ್ನು ಬರಿದು ಮಾಡ್ಲಿಕ್ಕಿಲ್ಲ. ನನ್ನ ಅಮ್ಮ ಇದ್ದಾರೆ, ಅವರಿಗೆ ಸರಿ ಕಾಣುವುದಿಲ್ಲ."

ರಿಯಾಜನ ಮುಖ ಅರಳಿತು. "ಬರಿದ್ಯಾಕ ಆಗಬೇಕ್ರಿ? ಅಕ್ಕಾಂದು ಸುಟ್ಟ ಬೋರ್ಡ್ ಐತಲ್ರಿ, ಇದಽ ಮಾಡೆಲ್. ಅದನ್ನ ತೊಳದು ಒಣಗಿಸಿ ನಿಮ್ಮ ಪೆಟಗ್ಯಾಗ ಕುಂದ್ರಸ್ತೀನಿ. ತೂತಿಗೆ ತೂತು ಬರೋಬರಿ. ನಿಮ್ಮದು ಅಕ್ಕಾನ ಮನ್ಯಾಗ ದುಡೀತೈತಿ, ಅದು ನಿಮ್ಮಲ್ಲಿ ಪೂಜಿ ಮಾಡಿಸ್ಕೊಂತೈತಿ."

"ಇನ್ನೊಂದು," ಶೆಟ್ಟರು ಬೆರಳೆತ್ತಿದರು. "ಭಾನುವಾರ ನಮಗೆ ರಜೆ. ಅವತ್ತು ನಾನೇ ಪೆಟ್ಟಿಗೆ ತರ್ತೇನೆ. ಅದಕ್ಕೆ ಮುಂಚೆ ಆಗುವುದಿಲ್ಲ. ಮತ್ತೆ, ಬಟನ್ ಒತ್ತುವುದು ನಾನೇ."

"ನೀವಽ ಒತ್ರಿ. ಯಾರ್ ಬ್ಯಾಡಂದ್ರು?"

ಭಾನುವಾರ ಬೆಳಿಗ್ಗೆ ಬಸು ಬಂದಾಗ ಅವ್ವನ ಮನೆಯ ಮುಂದಿನ ಕೋಣೆಯಲ್ಲಿ ಗುರುತಿಲ್ಲದ ಒಬ್ಬರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಕೂತಿದ್ದರು. ಅವರ ತೊಡೆಯ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿದ ಪೆಟ್ಟಿಗೆ. ರಿಯಾಜ ನೆಲದ ಮೇಲೆ ಚಾಪೆ ಹಾಸಿ ಸಾಮಾನು ಹರಡಿಕೊಂಡಿದ್ದ.

"ಅವ್ವಾ, ಟೆಂಪೊದವ ಹೊರಟಾನ. ಹೈವೇದಾಗ ಇದಾನ."

"ಬರ್ಲಿ. ಚಾ ಕುಡಿ."

ರಿಯಾಜ ಶೆಟ್ಟರ ಪೆಟ್ಟಿಗೆ ತೆರೆದ. ಒಳಗೆ ಧೂಳು ಬಿಟ್ಟರೆ ಬೋರ್ಡ್ ಹೊಸದರ ಹಾಗಿತ್ತು. ಎಷ್ಟೋ ವರ್ಷ ಅದಕ್ಕೆ ಹೂವಿನ ಹೊರತು ಬೇರೆ ಭಾರ ಬಿದ್ದಿರಲಿಲ್ಲ. ಕುಂಚದಿಂದ ಧೂಳು ಹೊಡೆದ. ಸ್ಕ್ರೂಗಳನ್ನು ತೆಗೆದು ಬಟ್ಟಲಿಗೆ ಹಾಕಿದ. ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ರುದ್ರವ್ವನ ಪೆಟ್ಟಿಗೆಯೊಳಗೆ ಇಳಿಸಿದ. ಅಳತೆ ಕೊಟ್ಟು ಹೊಲಿಸಿದ ಕುಪ್ಪಸದ ಹಾಗೆ ಅದು ಕೂತಿತು. ಕರೆಂಟಿನ ಪ್ಲಗ್ ಟಕ್ಕೆಂದು ಒಳಗೆ ಹೋಯಿತು. ಬಟನ್ನಿನ ವೈರ್ ತಾನಾಗಿಯೇ ತನ್ನ ಜಾಗ ಹುಡುಕಿಕೊಂಡಿತು. ಅವಳ ಡಿಸ್ಕನ್ನೂ ಮಶೀನಿನ ಕಾರ್ಡನ್ನೂ ಮರಳಿ ಸಿಗಿಸಿದ. ಲ್ಯಾಮಿಂಗ್ಟನ್ ರೋಡಿನಿಂದ ತಂದ ಬೋರ್ಡ್ ಕಿಟಕಿಯ ಕಟ್ಟೆಯ ಮೇಲೆ ಅಪರಾಧಿಯ ಹಾಗೆ ಬಿದ್ದಿತ್ತು. ರುದ್ರವ್ವ ಅದರ ಕಡೆ ನೋಡಲೇ ಇಲ್ಲ.

ಹೊರಗೆ ಹಾರ್ನ್ ಕೇಳಿಸಿತು. ಬಸುವಿನ ಫೋನ್ ಗುನುಗಿತು. ಅವನು ಫೋನನ್ನೂ ಅವ್ವನನ್ನೂ ನೋಡಿದ.

"ಶೆಟ್ರ, ಒತ್ರಿ," ರಿಯಾಜ ಹೇಳಿದ.

ತಿಲಕ್ ಶೆಟ್ಟರು ಚಪ್ಪಲಿ ಬಿಟ್ಟು ಮುಂದೆ ಬಂದು, ಬಟನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಒತ್ತಿದರು. ಫ್ಯಾನು ಬರ್ರೆಂದು ತಿರುಗಿತು. ಎಲ್ಲರೂ ತೆರೆಯ ಕಡೆ ಬಗ್ಗಿದರು. ತೆರೆ ಕಪ್ಪಗೇ ಇತ್ತು. ಫ್ಯಾನು ನಿಧಾನವಾಗಿ ನಿಂತುಹೋಯಿತು.

ರುದ್ರವ್ವನ ಬಾಯಿಗೆ ಬೈಗುಳವೂ ಬರಲಿಲ್ಲ. ಅದು ಬರದಿದ್ದಾಗಲೇ ಬಸುವಿಗೆ ಭಯವಾದದ್ದು. "ಅವ್ವಾ..." ಎಂದು ಅವಳ ಭುಜದ ಮೇಲೆ ಕೈಯಿಟ್ಟ. ಅವಳು ಆ ಕೈಯನ್ನು ತಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಅರೆ, ಹೆಣ ಎತ್ತಾಕ ಬಂದವರಂಗ ನಿಂತೀರಲ್ಲ!" ರಿಯಾಜ ಗದರಿದ. "ಇಷ್ಟು ವರ್ಷ ಮಲಗಿದ್ದು ಒಮ್ಮೆಲೆ ಎದ್ದು ಓಡಬೇಕಂದ್ರ ಹ್ಯಾಂಗ್ರಿ? ಒಂದು ರಬ್ಬರ್ ಕೊಡ್ರಿ. ಪೆನ್ಸಿಲ್ ರಬ್ಬರ್."

ಚಿತ್ತಾರ ಬರೆಯುವ ಪೆನ್ಸಿಲ್ ಡಬ್ಬಿಯಿಂದ ರುದ್ರವ್ವ ರಬ್ಬರ್ ತೆಗೆದುಕೊಟ್ಟಳು. ರಿಯಾಜ ಬೋರ್ಡಿನಿಂದ ಮೆಮೊರಿಯ ಪಟ್ಟಿಗಳನ್ನು ಕಿತ್ತು, ಅವುಗಳ ಹಳದಿ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿದ. ಬಾಯಲ್ಲಿ ಊದಿ ಮತ್ತೆ ಒತ್ತಿ ಕೂರಿಸಿದ.

"ಇನ್ನೊಮ್ಮೆ ಶೆಟ್ರ. ಜೋರಾಗಿ ಒತ್ರಿ, ನಾಚಬ್ಯಾಡ್ರಿ."

ಶೆಟ್ಟರು ಒತ್ತಿದರು. ಫ್ಯಾನು ತಿರುಗಿತು. ಪುಟ್ಟ ಮಗುವಿನ ಬಿಕ್ಕಳಿಕೆಯಂಥ ಒಂದು ಬೀಪ್ ಕೇಳಿಸಿತು. ತೆರೆಯ ಮೇಲೆ ಕಂಪನಿಯ ಹೆಸರು ಮೂಡಿ, ಅದರ ಕೆಳಗೆ ಬಿಳಿ ಅಕ್ಷರಗಳು ಬಂದು ನಿಂತವು.

"ಮತ್ತ ಯಾಕ ನಿಂತಿತು?" ರುದ್ರವ್ವನ ದನಿ ಮರಳಿ ಬಂದಿತ್ತು.

"ತಾರೀಖು ಕೇಳ್ತೈತಿ. ಒಳಗಿನ ಸಣ್ಣ ಬ್ಯಾಟರಿ ಖಾಲಿ ಆಗೈತಿ. ಇದರ ಲೆಕ್ಕದಾಗ ಇನ್ನೂ ಶೆಟ್ರ ಅಪ್ಪಾರ ಕಾಲಾನಽ ನಡದೈತಿ ನೋಡ್ರಿ."

ತೆರೆಯ ಮೂಲೆಯಲ್ಲಿ ಎಂದೋ ಕಳೆದುಹೋದ ಒಂದು ವರ್ಷದ ಜನವರಿ ಒಂದು ಕಾಣುತ್ತಿತ್ತು. ರಿಯಾಜ ಕೀಲಿಯ ಮೇಲೆ ಬೆರಳಿಡಲು ಹೋದ. ಶೆಟ್ಟರು ಅವನ ಕೈ ತಡೆದರು. "ಸ್ವಲ್ಪ ಇರಲಿ ಮಾರಾಯ." ಅವರು ಆ ತಾರೀಖನ್ನು ನೋಡುತ್ತ ನಿಂತರು. ಆಮೇಲೆ ತಲೆಯಾಡಿಸಿ, ಪಕ್ಕಕ್ಕೆ ಸರಿದು, ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. "ಆಯ್ತು. ಒತ್ತು."

ರುದ್ರವ್ವ ಕುರ್ಚಿ ಎಳೆದುಕೊಂಡು ಕೂತಳು. ಮೌಸಿನ ಮೇಲೆ ಕೈಯಿಟ್ಟಳು. ಕಸೂತಿಯ ಚಿತ್ರದ ಮೇಲೆ ಒತ್ತಿದಳು. ಕೆಂಪು ಗುರುತಿನ ಡಬ್ಬಿ ಬರಲಿಲ್ಲ. ತೆರೆ ಬೆಳ್ಳಗಾಗಿ ಚೌಕಳಿ ಹರಡಿಕೊಂಡಿತು. ಹಬ್ಬದ ಮುಂಚೆ ಬರೆದಿಟ್ಟಿದ್ದ ಅಂಬಾರಿಯ ಆನೆ ಒಂದೊಂದು ಹೊಲಿಗೆಯೂ ಕಾಳುಕಾಳಾಗಿ ಕಣ್ಣ ಮುಂದೆ ನಿಂತಿತು.

ಅವಳು ಹಿಂದೆ ತಿರುಗಿ ಯಾರನ್ನೂ ನೋಡಲಿಲ್ಲ. ಕಪ್ಪು ಚಂದ್ರಕಾಳಿ ಸೀರೆಯ ಸೆರಗನ್ನು ಚೌಕಟ್ಟಿಗೆ ಬಿಗಿದಳು. ಕೆಂಪು ದಾರ ಪೋಣಿಸಲು ಹೋದಳು. ದಾರ ಸೂಜಿಯ ಕಣ್ಣು ತಪ್ಪಿತು. ಮತ್ತೆ ತಪ್ಪಿತು.

"ಬಸ್ಯಾ, ಏನ್ ನೋಡ್ತಿ? ದಾರ ಪೋಣಸು."

ಬಸು ಬಗ್ಗಿ, ಒಂದು ಕಣ್ಣು ಮುಚ್ಚಿ ಪೋಣಿಸಿದ. ಮಶೀನು ಖಟಖಟ ಎಂದು ಓಡಿತು.

ಆ ಸದ್ದಿಗೇ ಟೆಂಪೊದವನು ಒಳಗೆ ಬಂದ. ವಸಯಿಯ ಪಾರ್ಟಿಯೂ ಅವನೇ. ಮಶೀನನ್ನು ಕಂಡವನೇ ಮುಖ ಅಗಲ ಮಾಡಿದ. "ಅರೇ ವಾಹ್! ಬಸು ಭಾಯ್, ಆಪ್ ತೋ ಬೋಲೇ ಬಂದ್ ಪಡಾ ಹೈ. ಯೇ ತೋ ಮಕ್ಖನ್ ಚಲ್ ರಹಾ ಹೈ! ಉಠಾಯೇಂ?" ಎಂದು ಎತ್ತಲು ತೋಳು ಮಡಚಿದ.

ಎಲ್ಲರೂ ಬಸುವನ್ನು ನೋಡಿದರು. ರುದ್ರವ್ವ ಒಬ್ಬಳೇ ನೋಡಲಿಲ್ಲ. ಅವಳ ಬೆನ್ನು ಮಾತ್ರ ಬಿಗಿಯಾಯಿತು. ಬಸು ಕುತ್ತಿಗೆ ತುರಿಸಿಕೊಂಡ. ಸೂಜಿಯ ಕೆಳಗೆ ಆನೆಯ ಒಂದು ಕಾಲು ಮೂಡುತ್ತಿತ್ತು. ಅವ್ವನ ಕೈ ಬಟ್ಟೆಯ ಅಂಚನ್ನು ಹಿಡಿಯದೆ, ಬಿಡದೆ, ಮೆತ್ತಗೆ ಕಾಯುತ್ತಿತ್ತು. ಅವಳು ಮನೆಯಲ್ಲಿ ಏನು ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು, ಮಾಡುವಾಗ ಹೇಗಿರುತ್ತಾಳೆಂದು ನಿಂತು ನೋಡಿದ್ದು ಇವತ್ತೇ.

"ಸಾರಿ ಭಾಯ್," ಮಾರುವುದಿಲ್ಲವೆಂದು ಅವನು ಕೈಯಾಡಿಸಿದ. "ಬೇಚನೇ ಕಾ ನಹೀ ಹೈ. ಚಾಯ್ ಪೀಕೇ ಜಾಓ."

ವಸಯಿಯವನು ಗೊಣಗುತ್ತ ಚಹಾ ಕುಡಿದು, ಇನ್ನೊಮ್ಮೆ ಕೇಳಿ, ಇನ್ನೊಮ್ಮೆ ಇಲ್ಲವೆನಿಸಿಕೊಂಡು ಖಾಲಿ ಟೆಂಪೊ ಹೊಡೆದುಕೊಂಡು ಹೋದ. ರಿಯಾಜ ಸುಟ್ಟ ಬೋರ್ಡನ್ನು ಶೆಟ್ಟರ ಪೆಟ್ಟಿಗೆಯಲ್ಲಿ ಕೂರಿಸಿ ಸ್ಕ್ರೂ ಬಿಗಿಯುತ್ತಿದ್ದ. ಶೆಟ್ಟರು ಮಶೀನಿನ ಪಕ್ಕ ನಿಂತು, ತಮ್ಮ ಹೋಟೆಲಿನ ಹುಡುಗರ ಅಂಗಿಯ ಜೇಬಿನ ಮೇಲೆ ಒಂದು ದೀಪದ ಚಿತ್ತಾರ ಹಾಕಲಾಗುತ್ತದೆಯೇ ಎಂದು ವಿಚಾರಿಸುತ್ತಿದ್ದರು.

"ಅವ್ವಾ," ಬಸು ಕೇಳಿದ, "ದಹಿಸರಕ್ಕ ಬರೋದೇ ಇಲ್ಲ ಏನು ನೀ?"

"ಬರ್ತೀನಿ. ದೀಪಾವಳಿಗೆ ಬರ್ತೀನಿ. ಹೋಳಿಗಿ ಮಾಡಿಕೊಟ್ಟು, ಮಾಧುರಿ ಕೂಡ ಒಂದು ಜಗಳ ತಗದು, ಮರುದಿನ ಹೊಳ್ಳಿ ಬರ್ತೀನಿ."

ಬಸು ನಕ್ಕ. ಇನ್ನೇನೋ ಹೇಳಲು ಬಾಯಿ ತೆರೆದ. ಶೆಟ್ಟರೂ ಅದೇ ಹೊತ್ತಿಗೆ ದೀಪಕ್ಕೆ ಯಾವ ಬಣ್ಣ ಎಂದು ಕೇಳಲು ಬಗ್ಗಿದರು.

"ಗಪ್ಪ್ ನಿಂದ್ರಿ ಎಲ್ಲಾರೂ," ರುದ್ರವ್ವ ಕಣ್ಣು ಎತ್ತದೆ ಗದರಿದಳು. "ಆನಿಗೆ ಸೊಂಡಿಲು ಬರಾಕತ್ತೈತಿ."